ಪೆಟ್ಟಿಗೆ ಹ್ಯಾಂಬರ್ಗ್‌ಗೆ, ಬಿಲ್ಲು ಡಬ್ಲಿನ್‌ಗೆ: ಹಣಕಾಸು ಸಚಿವರಿಗೆ ತಾರಿಹಾಳದಿಂದ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಹಣಕಾಸು ಸಚಿವರಿಗೆ,

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಿಂದ ನಮಸ್ಕಾರ.

ನೀವು ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದ. ಮಂತ್ರಿಗೆ ಬರೆದಂತೆಯೂ ಆಯಿತು, ನಮ್ಮ ಪ್ರತಿನಿಧಿಗೆ ಬರೆದಂತೆಯೂ ಆಯಿತು ಅಂತ ಲಾಭದ ಮೇಲಿನ ತೆರಿಗೆ ದರದ ಬಗ್ಗೆ ಈ ಕಾಗದ. ಬಹಿರಂಗವಾಗಿ ಬರೆಯಲು ಕಾರಣ ಇಷ್ಟೇ: ಇಲ್ಲಿನ ಶೆಡ್‌ಗಳಲ್ಲಿ ಕೂತವರು ಇದನ್ನು ಚಾ ಕುಡಿಯುವಾಗ ಮಾತಾಡುತ್ತಾರೆ, ಆದರೆ ಯಾರೂ ಬರೆದು ಕಳಿಸುವುದಿಲ್ಲ.

ನಾನು ಮತ್ತು ನನ್ನ ತಮ್ಮ ವಾಲ್ವ್‌ಗೆ ಬೇಕಾದ ಬಿಡಿಭಾಗ ಮಾಡುತ್ತೇವೆ. ಹುಬ್ಬಳ್ಳಿ ಅಂದರೆ ಹೊರಗಿನವರಿಗೆ ಗಿರ್ಮಿಟ್ಟು, ಮಿರ್ಚಿ ನೆನಪಾಗುತ್ತದೆ. ರಿಫೈನರಿ, ವಿದ್ಯುತ್ ಸ್ಥಾವರ ನಡೆಸುವವರಿಗೆ ವಾಲ್ವ್ ನೆನಪಾಗುತ್ತದೆ. ಗೋಕುಲ ರಸ್ತೆಯಿಂದ ತಾರಿಹಾಳದವರೆಗೆ ವಾಲ್ವ್ ಮಾಡುವವರು, ಅವರಿಗೆ ಎರಕ ಹೊಯ್ದು ಕೊಡುವವರು, ಆ ಎರಕವನ್ನು ಕಡೆದು ಕೊಡುವವರು ಹಬ್ಬಿಕೊಂಡಿದ್ದಾರೆ. ನಾವು ಕಡೆಯುವವರ ಸಾಲಿನವರು. ಮುಖ್ಯವಾಗಿ ಸೀಟ್ ರಿಂಗ್.

ಸೀಟ್ ರಿಂಗ್ ಅಂದರೆ ನೋಡಲು ದಪ್ಪ ಬಳೆ, ಅಷ್ಟೇ. ಆದರೆ ವಾಲ್ವ್ ಮುಚ್ಚಿದಾಗ ಒಂದು ಹನಿ ಸೋರಬಾರದು ಅನ್ನುವ ಜವಾಬ್ದಾರಿ ಅದರದ್ದು. ಕಂಪ್ಯೂಟರ್ ಹಿಡಿತದಲ್ಲಿ ಕಡೆಯುವ ಸಿಎನ್‌ಸಿ ಯಂತ್ರದಿಂದ ಇಳಿದ ಮೇಲೂ ಅದರ ಮುಖವನ್ನು ಕೈಯಿಂದಲೇ ಉಜ್ಜಬೇಕು. ನಮ್ಮಲ್ಲಿ ಕುಂದಗೋಳ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬರು ಆ ಕೆಲಸ ಮಾಡುತ್ತಾರೆ. ಎರಕದ ಕಬ್ಬಿಣದ ಚಪ್ಪಟೆ ಹಲಗೆಯ ಮೇಲೆ ಪೇಸ್ಟ್ ಸವರಿ, ರಿಂಗ್ ಬೋರಲು ಹಾಕಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿರುಗಿಸುತ್ತಾ ಹೋಗುತ್ತಾರೆ. ಒತ್ತಡ ಒಂದೇ ಕಡೆ ಬೀಳಬಾರದು. ಆಮೇಲೆ ಒರೆಸಿ, ಮೇಲೆ ಗಾಜಿನ ಬಿಲ್ಲೆ ಇಟ್ಟು, ಹಳದಿ ದೀಪದ ಕೆಳಗೆ ನೋಡಿದರೆ ಪಟ್ಟೆ ಪಟ್ಟೆಯಾಗಿ ಗೆರೆ ಕಾಣುತ್ತವೆ. ಗೆರೆ ನೆಟ್ಟಗಿದ್ದರೆ ಪಾಸು. ಬಾಗಿದ್ದರೆ ಮತ್ತೆ ಉಜ್ಜು.

ಈ ರಿಂಗ್‌ಗಳು ಮರದ ಪೆಟ್ಟಿಗೆಯಲ್ಲಿ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿಗೆ ಹೋಗಿ, ಅಲ್ಲಿಂದ ಜರ್ಮನಿಯ ಹ್ಯಾಂಬರ್ಗ್‌ಗೆ ಹೋಗುತ್ತವೆ. ವರ್ಷಗಟ್ಟಲೆ ಹಾಗೇ ನಡೆದಿತ್ತು. ಬಿಲ್ಲೂ ಅಲ್ಲಿಗೇ, ಮಾಲೂ ಅಲ್ಲಿಗೇ. ಒಂದು ದಿನ ಹ್ಯಾಂಬರ್ಗ್ ಕಂಪನಿ ಸೇರಿರುವ ದೊಡ್ಡ ಗುಂಪಿನಿಂದ ಇಮೇಲ್ ಬಂತು. ಇನ್ನು ಮುಂದೆ ಮಾಲು ಹ್ಯಾಂಬರ್ಗ್‌ಗೇ ಬರಲಿ, ಬಿಲ್ಲು ಮಾತ್ರ ಐರ್ಲೆಂಡಿನ ಡಬ್ಲಿನ್‌ನಲ್ಲಿರುವ ನಮ್ಮ ಖರೀದಿ ಕಂಪನಿಯ ಹೆಸರಿಗೆ ಹಾಕಿ. ಜೊತೆಗೆ ದರದಲ್ಲಿ ಶೇ 4 ಇಳಿಸಿ, ಹಣಕ್ಕೆ 60 ದಿನದ ಬದಲು 90 ದಿನ ಕೊಡಿ.

ತಮ್ಮ ಓದಿ ನಕ್ಕ. "ಬಿಲ್ಲು ಎಲ್ಲಿಗಾದ್ರೂ ಹೋಗ್ಲಿ ಬಿಡೋ, ರೊಕ್ಕ ಬಂದ್ರ ಸಾಕು" ಅಂದ. ನನಗೆ ಮಾತ್ರ ಅದು ತಲೆಯಲ್ಲೇ ಕೂತಿತು. ಡಬ್ಲಿನ್‌ನವರು ನಮ್ಮ ರಿಂಗ್ ಮುಟ್ಟುವುದಿಲ್ಲ, ಪೆಟ್ಟಿಗೆ ತೆರೆಯುವುದಿಲ್ಲ. ಹಾಗಿದ್ದರೆ ನಡುವೆ ಅವರಿಗೇನು ಕೆಲಸ?

ಕೆಲಸ ತೆರಿಗೆಯದ್ದು. ಜರ್ಮನಿಯಲ್ಲಿ ಕಂಪನಿಯ ಲಾಭಕ್ಕೆ ಎಲ್ಲ ಸೇರಿ ಸುಮಾರು ಶೇ 30 ತೆರಿಗೆ. ಐರ್ಲೆಂಡಿನಲ್ಲಿ 2003ರಿಂದ ವ್ಯಾಪಾರದ ಲಾಭಕ್ಕೆ ಶೇ 12.5. ಈಗ ತೀರಾ ದೊಡ್ಡ ಗುಂಪುಗಳಿಗೆ ಶೇ 15. ಡಬ್ಲಿನ್ ಕಂಪನಿ ನಮ್ಮಿಂದ 100ಕ್ಕೆ ಕೊಂಡು, ತನ್ನದೇ ಮನೆಯ ಹ್ಯಾಂಬರ್ಗ್ ಕಂಪನಿಗೆ 130ಕ್ಕೆ ಮಾರಿತು ಅಂದುಕೊಳ್ಳಿ. ಆ 30 ಜರ್ಮನಿಯ ಲೆಕ್ಕದಿಂದ ಎದ್ದು ಐರ್ಲೆಂಡಿನ ಲೆಕ್ಕಕ್ಕೆ ಹೋಗಿ ಕೂತಿತು. ಮಾಲು ಒಂದಿಂಚೂ ದಾರಿ ಬದಲಿಸಲಿಲ್ಲ. ಇದರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ನನ್ನ ತಕರಾರು ಅವರ ಮೇಲಲ್ಲ. ದರ ಬೇರೆ ಬೇರೆ ಇದ್ದರೆ ಲಾಭ ಇಳಿಜಾರಿನ ಕಡೆ ಹರಿಯುತ್ತದೆ, ನೀರಿನ ಹಾಗೆ.

ಸುಂಕದ ಜಗಳ ಎಲ್ಲರಿಗೂ ಕಾಣುತ್ತದೆ. 2025ರ ಆಗಸ್ಟ್ 27ರಂದು ಅಮೆರಿಕ ನಮ್ಮ ಬಹಳಷ್ಟು ಸರಕಿನ ಮೇಲೆ ಶೇ 50 ಸುಂಕ ಹೇರಿದಾಗ ಪತ್ರಿಕೆಗಳ ಮುಖಪುಟವೆಲ್ಲ ಅದೇ. ತೆರಿಗೆ ದರದ ವ್ಯತ್ಯಾಸ ಯಾವ ಬಂದರಿನಲ್ಲೂ ಕಾಣುವುದಿಲ್ಲ. ಅದು ಇನ್‌ವಾಯ್ಸ್‌ನ ಮೇಲಿನ ವಿಳಾಸದಲ್ಲಿ ಇರುತ್ತದೆ.

ಇನ್ನೊಂದು ಮಾತು ನಮ್ಮ ಕಡೆ ಜನರಿಗೆ ಬಿಡಿಸಿ ಹೇಳಬೇಕು. ರಫ್ತು ಮಾಡಿದರೆ ಜಿಎಸ್‌ಟಿ ಇಲ್ಲ, ಕಟ್ಟಿದ್ದೂ ವಾಪಸ್ ಬರುತ್ತದೆ. ತಡವಾಗಿಯಾದರೂ ಬರುತ್ತದೆ, ಇರಲಿ. ಆದರೆ ಲಾಭದ ಮೇಲಿನ ಆದಾಯ ತೆರಿಗೆ ಗಡಿಯಲ್ಲಿ ವಾಪಸ್ ಬರುವುದಿಲ್ಲ. ನಮ್ಮ ತಂದೆಯ ಕಾಲದಲ್ಲಿ 80ಎಚ್‌ಎಚ್‌ಸಿ ಅಂತ ಒಂದು ಸೆಕ್ಷನ್ ಇತ್ತು. ರಫ್ತಿನ ಲಾಭಕ್ಕೆ ವಿನಾಯಿತಿ. ಅಂಥ ವಿನಾಯಿತಿಯನ್ನು ವಿಶ್ವ ವ್ಯಾಪಾರ ಸಂಸ್ಥೆಯ ನಿಯಮ ರಫ್ತು ಸಬ್ಸಿಡಿ ಅಂತ ನೋಡುತ್ತದೆ. ಅಮೆರಿಕವೇ ತನ್ನ ರಫ್ತುದಾರರಿಗೆ ಇಂಥದ್ದೊಂದು ಮಾಡಿಕೊಟ್ಟು 2000ದಲ್ಲಿ ಅಲ್ಲಿ ಸೋತಿತು. ನಮ್ಮಲ್ಲೂ ಆ ಸೆಕ್ಷನ್ ವರ್ಷಕ್ಕಿಷ್ಟು ಅಂತ ಕರಗಿ, 2005ರ ಹೊತ್ತಿಗೆ ಪೂರ್ತಿ ಹೋಯಿತು. ರಫ್ತುದಾರನಿಗೆ ಅಂತ ಪ್ರತ್ಯೇಕ ದರ ಕೊಡುವಂತಿಲ್ಲ. ಆದರೆ ಇಡೀ ದೇಶಕ್ಕೇ ದರ ಇಳಿಸಿದರೆ ಯಾರೂ ಕೇಳುವಂತಿಲ್ಲ. ಐರ್ಲೆಂಡ್ ಮಾಡಿದ್ದು ಅದನ್ನೇ. ಹಂಗೇರಿ ಇನ್ನೂ ಕೆಳಗಿಳಿದು ಶೇ 9ಕ್ಕೆ ನಿಂತಿದೆ.

ಐರ್ಲೆಂಡಿನ ಕಥೆ ಒಂದು ಹೇಳಲೇಬೇಕು. ಆ್ಯಪಲ್ ಕಂಪನಿಯ ಅಲ್ಲಿನ ಅಂಗಸಂಸ್ಥೆಯೊಂದಕ್ಕೆ 2014ರಲ್ಲಿ ಬಿದ್ದ ತೆರಿಗೆ ಶೇ 0.005 ಅಂತ ಯುರೋಪಿಯನ್ ಆಯೋಗ ಲೆಕ್ಕ ಹಾಕಿತು. ಹತ್ತು ಲಕ್ಷ ಯೂರೋ ಲಾಭಕ್ಕೆ 50 ಯೂರೋ. 12.5 ಕೂಡ ಕಟ್ಟಿಲ್ಲ, ನೋಡಿ. 2016ರಲ್ಲಿ ಆಯೋಗ, 1,300 ಕೋಟಿ ಯೂರೋ ಬಾಕಿ ವಸೂಲಿ ಮಾಡಿಕೊಳ್ಳಿ ಅಂತ ಐರ್ಲೆಂಡಿಗೆ ಹೇಳಿತು. ಐರ್ಲೆಂಡ್ ಏನು ಮಾಡಿತು? ನಮಗೆ ಆ ಹಣ ಬೇಡ ಅಂತ ಕೋರ್ಟಿಗೆ ಹೋಯಿತು. 2024ರ ಸೆಪ್ಟೆಂಬರ್ 10ರಂದು ಯುರೋಪಿನ ಅತ್ಯುನ್ನತ ನ್ಯಾಯಾಲಯ, ಇಲ್ಲ ತಗೋಬೇಕು ಅಂತ ತೀರ್ಪು ಕೊಟ್ಟಿತು. ಮನೆಗೆ ಬಂದ ಲಕ್ಷ್ಮಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದನ್ನು ನಮ್ಮ ಅಜ್ಜಿ ಕೇಳಿದ್ದರೆ ನಂಬುತ್ತಿರಲಿಲ್ಲ. ಆದರೆ ಐರ್ಲೆಂಡಿಗೆ ಆ ಬಾಕಿಗಿಂತ ಮುಂದೆ ಬರುವ ಕಂಪನಿಗಳು ಮುಖ್ಯ. ದೊಡ್ಡವರು ಎದ್ದು ಹೋದಾರು ಅನ್ನುವ ಭಯ.

ಮಾನ್ಯರೇ, ನಾನು ಹೇಳಬೇಕಿರುವುದು ಈ ಭಯದ ಬಗ್ಗೆಯೇ. ನಮ್ಮ ದೇಶವೂ ತೆರಿಗೆ ದರ ಇಡುವಾಗ ಎದ್ದು ಹೋಗಬಲ್ಲವರ ಮುಖ ನೋಡುತ್ತದೆ. ಎದ್ದು ಹೋಗಲಾಗದವರ ಮುಖ ನೋಡುವುದಿಲ್ಲ.

2019ರ ಸೆಪ್ಟೆಂಬರ್ 20 ನೆನಪಿದೆಯಲ್ವಾ? ಜಿಎಸ್‌ಟಿ ಮಂಡಳಿ ಸಭೆಗೆ ಗೋವಾಕ್ಕೆ ಬಂದಿದ್ದಿರಿ. ನಮಗೆ ಪಕ್ಕದ ಊರೇ. ಅಲ್ಲೇ ಸುದ್ದಿಗೋಷ್ಠಿ ಮಾಡಿ ಕಂಪನಿ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದಿರಿ. ಆಗ ಹೊಸದಾಗಿ ಕಾರ್ಖಾನೆ ಹಾಕುವ ಕಂಪನಿಗೆ ಶೇ 15 ಅಂದಿರಿ. ಸರ್ಕಾರಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕಡಿಮೆ ಬರುತ್ತದೆ ಅಂತ ನೀವೇ ಹೇಳಿದಿರಿ. ಹೊರಗಿನ ಹೂಡಿಕೆ ಬರಬೇಕು, ನಮ್ಮ ದರ ಏಷ್ಯಾದ ಬೇರೆ ದೇಶಗಳ ಸರಿಸಮ ಇರಬೇಕು ಅನ್ನುವುದು ಆಗಿನ ಮಾತು. ಸಿಂಗಪುರ 17, ವಿಯೆಟ್ನಾಂ 20. ವಾದ ತಪ್ಪು ಅಂತ ನಾನು ಹೇಳಲಾರೆ. ಪಕ್ಕದ ಅಂಗಡಿಯವನು ದರ ಇಳಿಸಿದರೆ ನಾವೂ ಇಳಿಸುತ್ತೇವೆ.

ಅಂದು ಸಂಜೆ ಟಿವಿ ನೋಡಿ ನಾವಿಬ್ಬರೂ ಖುಷಿಯಾಗಿದ್ದು ನಿಜ. ಮರುದಿನ ನಮ್ಮ ಆಡಿಟರ್ ಫೋನಿನಲ್ಲಿ ಹೇಳಿದರು: "ಅದು ಕಂಪನಿಗೆ ಸರ್. ನಿಮ್ಮದು ಫರ್ಮ್."

ಫರ್ಮ್ ಅಂದರೆ ಪಾಲುದಾರಿಕೆ ಸಂಸ್ಥೆ. ಅದಕ್ಕೆ ಆಗಲೂ ಶೇ 30, ಈಗಲೂ ಶೇ 30. ಮೊದಲ ರೂಪಾಯಿಯಿಂದಲೇ. ಸೆಸ್ ಸೇರಿ 31.2. ಲಾಭ ಒಂದು ಕೋಟಿ ದಾಟಿದರೆ ಸರ್ಚಾರ್ಜ್ ಬೇರೆ, ಆಗ ಸುಮಾರು 35. ಕಂಪನಿಗೆ ಎಲ್ಲ ಸೇರಿ 25.17. ಹೊರದೇಶದ ದೊಡ್ಡ ಗುಂಪು ಇಲ್ಲಿ ಅಂಗಸಂಸ್ಥೆ ತೆರೆದರೆ ಅದೂ ಭಾರತದ ಕಂಪನಿಯೇ, ಅದಕ್ಕೂ 25.17. 1961ರ ಕಾಯ್ದೆ ತೆಗೆದು 2025ರ ಹೊಸ ಆದಾಯ ತೆರಿಗೆ ಕಾಯ್ದೆ ತಂದಿರಿ. ಭಾಷೆ ಸರಳವಾಯಿತು, ಸೆಕ್ಷನ್ ನಂಬರ್ ಬದಲಾದವು. ಈ 30 ಮಾತ್ರ ಅಲುಗಾಡಲಿಲ್ಲ.

ನಮ್ಮ ಭಾಗದಲ್ಲಿ ಫರ್ಮ್ ಎಷ್ಟು ಅಂತ ತಿಳಿಯಲು ಅಂಕಿಅಂಶ ಬೇಡ, ಬೋರ್ಡ್ ಓದಿದರೆ ಸಾಕು. ಬ್ಯಾಡಗಿ ಎಪಿಎಂಸಿಗೆ ಒಮ್ಮೆ ಬನ್ನಿ. ಆ್ಯಂಡ್ ಸನ್ಸ್, ಆ್ಯಂಡ್ ಬ್ರದರ್ಸ್, ಆ್ಯಂಡ್ ಕಂ. ಹೆಸರಲ್ಲಿ ಕಂ ಅಂತಿದ್ದರೂ ಅದು ಕಂಪನಿಯಲ್ಲ, ಅಪ್ಪ-ಮಕ್ಕಳು, ಅಣ್ಣ-ತಮ್ಮಂದಿರು. ನಮ್ಮಲ್ಲಿ ವ್ಯಾಪಾರ ಅಂದರೆ ಮನೆತನದ ಕೆಲಸ.

ಬ್ಯಾಡಗಿ ಬಂತು ಅಂತ ಹೇಳುತ್ತೇನೆ. ಅಲ್ಲಿ ನಮ್ಮ ಸೋದರಮಾವನ ದಲಾಲಿ ಅಂಗಡಿ ಇದೆ. ಡಬ್ಬಿ ಅನ್ನುವ ಜಾತಿಯ ಬ್ಯಾಡಗಿ ಮೆಣಸಿನಕಾಯಿ ಒಂದನ್ನು ಕೈಗೆ ಕೊಟ್ಟರು ಅಂದುಕೊಳ್ಳಿ. ಗಿಡ್ಡ, ಉಬ್ಬಿದ ಹೊಟ್ಟೆ, ಮೈಯೆಲ್ಲ ಸುಕ್ಕು. ಮುರಿದು ಬೆರಳಲ್ಲಿ ತಿಕ್ಕಿದರೆ ಬಣ್ಣ ಹತ್ತುತ್ತದೆ, ಸಂಜೆವರೆಗೂ ಹೋಗುವುದಿಲ್ಲ. ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ, ಅಂದರೆ ಆ ಹೆಸರು ಈ ಭಾಗದ ಬೆಳೆಗೆ ಮಾತ್ರ ಅನ್ನುವ ಗುರುತು, ಸಿಕ್ಕಿತು. ಈ ಬಣ್ಣವನ್ನು ಹಿಂಡಿ ತೆಗೆದರೆ ಓಲಿಯೋರೆಸಿನ್. ತಿಂಡಿ ತಿನಿಸಿಗೆ, ಲಿಪ್‌ಸ್ಟಿಕ್‌ಗೆ ಹೊರದೇಶಗಳಿಗೆ ಹೋಗುತ್ತದೆ.

ರೈತನ ಆದಾಯಕ್ಕೆ ತೆರಿಗೆ ಇಲ್ಲ, ಇರಬಾರದು ಕೂಡ. 2024ರ ಮಾರ್ಚ್ 11ರಂದು ದರ ಬಿದ್ದು ಅದೇ ಮಾರುಕಟ್ಟೆಯಲ್ಲಿ ಗಾಡಿಗಳಿಗೆ ಬೆಂಕಿ ಬಿತ್ತು, ರೈತನ ಕಷ್ಟ ಅಂಥದ್ದು. ಮಾವನ ಅಂಗಡಿ ಫರ್ಮ್, ಲಾಭಕ್ಕೆ 31.2. ಓಲಿಯೋರೆಸಿನ್ ಮಾಡುವವರು ಕಂಪನಿಯಾಗಿದ್ದರೆ 25.17. ಇನ್ನು ಆ ಕಂಪನಿ ಯಾವುದೋ ಜಾಗತಿಕ ಗುಂಪಿನ ಅಂಗ ಅಂತ ಊಹಿಸಿ. ಬಣ್ಣವನ್ನು ದುಬೈಯಲ್ಲಿರುವ ತನ್ನದೇ ಸೋದರ ಕಂಪನಿಗೆ ಸೋವಿಯಲ್ಲಿ ಮಾರಿತು, ಅಲ್ಲಿಂದ ಅದು ಪೂರ್ತಿ ಬೆಲೆಗೆ ಮುಂದಕ್ಕೆ ಹೋಯಿತು. ಲಾಭ ಅಲ್ಲಿ ಉಳಿಯಿತು. ಅಲ್ಲಿ 2023ರವರೆಗೆ ಸಾಮಾನ್ಯ ಕಂಪನಿಗಳಿಗೆ ಇಂಥ ತೆರಿಗೆಯೇ ಇರಲಿಲ್ಲ, ಆಮೇಲೆ ಶೇ 9. ಇದನ್ನು ತಡೆಯಲು ನಮ್ಮಲ್ಲಿ 2001ರಿಂದ ಟ್ರಾನ್ಸ್‌ಫರ್ ಪ್ರೈಸಿಂಗ್ ಕಾನೂನು ಇದೆ. ಸಂಬಂಧವಿಲ್ಲದ ಇಬ್ಬರು ಯಾವ ದರಕ್ಕೆ ವ್ಯವಹಾರ ಮಾಡುತ್ತಿದ್ದರೋ ಅದೇ ದರ ಹಾಕಬೇಕು ಅನ್ನುವುದು ನಿಯಮ. ಮೆಣಸಿನಕಾಯಿಗೆ ಆ ದರ ಹುಡುಕುವುದು ಸುಲಭ, ಬ್ಯಾಡಗಿಯ ಟೆಂಡರ್ ನೋಡಿದರೆ ಗೊತ್ತಾಗುತ್ತದೆ. ಬ್ರ್ಯಾಂಡಿನ ಹೆಸರಿಗೆ, ಫಾರ್ಮುಲಾಕ್ಕೆ, ಮುಖ್ಯ ಕಚೇರಿಯ ಸಲಹೆಗೆ ದರ ಎಷ್ಟು? ಅದನ್ನು ಯಾವ ಎಪಿಎಂಸಿಯಲ್ಲಿ ಕೂಗುತ್ತಾರೆ? ವರ್ಷಾನುಗಟ್ಟಲೆ ವ್ಯಾಜ್ಯ ನಡೆಯುವುದು ಅಲ್ಲೇ.

ಹಾಗಾಗಿ ಲೆಕ್ಕ ಹೀಗಿದೆ: ಮಾಲು ಊರಿನಿಂದ ದೂರ ಹೋದಷ್ಟೂ ಲಾಭದ ಮೇಲಿನ ತೆರಿಗೆ ಇಳಿಯುತ್ತಾ ಹೋಗುತ್ತದೆ. ಗೂಟಕ್ಕೆ ಕಟ್ಟಿದ ಎತ್ತಿಗೇ ಭಾರ ಜಾಸ್ತಿ.

ನಮ್ಮ ಆಡಿಟರ್ ಇದನ್ನು ಓದಿದರೆ ತಕ್ಷಣ ತಕರಾರು ತೆಗೆಯುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಫರ್ಮ್‌ನಲ್ಲಿ ಪಾಲುದಾರರು ಸಂಬಳ, ಬಡ್ಡಿ ತೆಗೆದುಕೊಳ್ಳಬಹುದು. ಮಿತಿಯೊಳಗೆ ಅದು ಖರ್ಚಾಗಿ ಕಳೆಯುತ್ತದೆ. ತೆರಿಗೆ ಕಟ್ಟಿ ಉಳಿದ ಪಾಲನ್ನು ಮನೆಗೆ ಒಯ್ದರೆ ಅದಕ್ಕೆ ಮತ್ತೆ ತೆರಿಗೆ ಇಲ್ಲ. ಕಂಪನಿಯಲ್ಲಿ ಡಿವಿಡೆಂಡ್ ತೆಗೆದರೆ ಮಾಲೀಕನ ಕೈಯಲ್ಲಿ ಇನ್ನೊಮ್ಮೆ ತೆರಿಗೆ. ಆದ್ದರಿಂದ 22 ಮತ್ತು 30 ಅಂತ ಸುಮ್ನೆ ಹೋಲಿಸಬೇಡಿ ಅನ್ನುತ್ತಾರೆ. ಸರಿಯೇ. ಲಾಭವನ್ನೆಲ್ಲ ಮನೆಗೆ ಒಯ್ಯುವವನಿಗೆ ಫರ್ಮ್ ಒಳ್ಳೆಯದೇ.

ಆದರೆ ಒಯ್ಯದವನಿಗೆ? ಸಂಬಳ, ಬಡ್ಡಿ ಎಲ್ಲ ಕಳೆದು ನಮ್ಮಲ್ಲಿ 20 ಲಕ್ಷ ಉಳಿಯಿತು, ಅದನ್ನು ಮುಟ್ಟದೆ ಯಂತ್ರಕ್ಕೇ ಹಾಕುತ್ತೇವೆ ಅಂತ ಇಟ್ಟುಕೊಳ್ಳಿ. ಫರ್ಮ್‌ಗೆ ತೆರಿಗೆ 6,24,000. ಕಂಪನಿಯಾಗಿದ್ದರೆ 5,03,360. ವ್ಯತ್ಯಾಸ 1,20,640 ರೂಪಾಯಿ. ಅದರಲ್ಲಿ ಸಿಎನ್‌ಸಿ ಬರುವುದಿಲ್ಲ, ಗೊತ್ತು. ಅದರ ಒಂದೆರಡು ಕಂತು ಕಟ್ಟಬಹುದು. ವ್ಯಾಪಾರದಿಂದ ಹಣ ತೆಗೆದವನಿಗೆ ಅನುಕೂಲ, ವ್ಯಾಪಾರದಲ್ಲೇ ಬಿಟ್ಟವನಿಗೆ ದಂಡ. ಇದು ಯಾವ ಲೆಕ್ಕ?

ಕಂಪನಿ ಮಾಡಿಕೊಳ್ಳಿ ಅನ್ನುವ ಸಲಹೆ ನಮಗೂ ಸಿಕ್ಕಿದೆ. ಬ್ಯಾಂಕ್ ಸಾಲ, ಜಾಗದ ಕಾಗದ, ಜಿಎಸ್‌ಟಿ, ರಫ್ತಿನ ಕೋಡ್, ಹ್ಯಾಂಬರ್ಗ್‌ನವರ ವೆಂಡರ್ ನೋಂದಣಿ ಎಲ್ಲವನ್ನೂ ಹೊಸ ಹೆಸರಿಗೆ ತರಬೇಕು. ನಮ್ಮಲ್ಲಿ ಲೆಕ್ಕ ನೋಡಿಕೊಳ್ಳುವುದು ನನ್ನ ಹೆಂಡತಿ, ರಾತ್ರಿ ಊಟ ಆದ ಮೇಲೆ. ಐರ್ಲೆಂಡಿಗೆ ಬಿಲ್ ವಿಳಾಸ ಬದಲಿಸಲು ಆ ಗುಂಪಿಗೆ ಒಂದು ಇಮೇಲ್ ಸಾಕಾಯಿತು.

ಈಗ ಕೇಳಿಕೊಳ್ಳುವುದು. ಮೊದಲನೆಯದು, ಫರ್ಮ್‌ನಲ್ಲಿ ಉಳಿಸಿ ಯಂತ್ರಕ್ಕೋ ಶೆಡ್‌ಗೋ ಹಾಕಿದ ಲಾಭಕ್ಕಾದರೂ ಶೇ 22ರ ದರ ಕೊಡಿ. ಎಲ್ಲಕ್ಕೂ ಬೇಡ. ಮನೆಗೆ ಒಯ್ದದ್ದಕ್ಕೆ 30 ಇರಲಿ, ಜಗಳ ಇಲ್ಲ.

ಇನ್ನೊಂದು ದೊಡ್ಡದು. 2021ರ ಅಕ್ಟೋಬರ್ 8ರಂದು 136 ದೇಶಗಳು ಒಂದು ಮಾತಿಗೆ ಬಂದವು: 75 ಕೋಟಿ ಯೂರೋಗಿಂತ ಹೆಚ್ಚು ವಹಿವಾಟಿನ ಗುಂಪು ಎಲ್ಲೇ ಲಾಭ ತೋರಿಸಲಿ, ಕನಿಷ್ಠ ಶೇ 15 ಕಟ್ಟಬೇಕು. ಭಾರತವೂ ಒಪ್ಪಿತು. ಐರ್ಲೆಂಡಿನ 15 ಬಂದದ್ದು ಅದರಿಂದಲೇ. ನಮ್ಮಲ್ಲಿ ಅದಕ್ಕೆ ಇನ್ನೂ ಕಾನೂನು ಬಂದಿಲ್ಲ. 2025ರ ಜೂನ್‌ನಲ್ಲಿ ಜಿ7 ದೇಶಗಳು ಅಮೆರಿಕದ ಗುಂಪುಗಳನ್ನು ಅದರ ಮುಖ್ಯ ನಿಯಮಗಳಿಂದ ಹೊರಗಿಡಲು ಒಪ್ಪಿಕೊಂಡವು. ಹೊರದೇಶದ ಕಂಪನಿಗಳ ಆನ್‌ಲೈನ್ ಜಾಹೀರಾತಿನ ಮೇಲೆ 2016ರಿಂದ ಇದ್ದ ಶೇ 6ರ ಲೆವಿಯನ್ನು ನೀವು 2025ರ ಏಪ್ರಿಲ್ 1ರಿಂದ ತೆಗೆದಿರಿ. ವ್ಯಾಪಾರ ಮಾತುಕತೆಯಲ್ಲಿ ಕೊಡು-ಕೊಳ್ಳು ಇರುತ್ತದೆ, ಅರ್ಥ ಮಾಡಿಕೊಳ್ಳಬಲ್ಲೆ. ನಾವೂ ಶೇ 4 ಕೊಟ್ಟಿದ್ದೇವೆ. ಕೊಟ್ಟದ್ದಕ್ಕೆ ಪ್ರತಿಯಾಗಿ ಏನು ಬಂತು ಅಂತ ಮಾತ್ರ ಸಂಸತ್ತಿನಲ್ಲಿ ಒಮ್ಮೆ ಹೇಳಿ.

ಮತ್ತೆ, ದೊಡ್ಡ ಗುಂಪುಗಳು ಯಾವ ದೇಶದಲ್ಲಿ ಎಷ್ಟು ವಹಿವಾಟು, ಎಷ್ಟು ಜನ, ಎಷ್ಟು ಲಾಭ, ಎಷ್ಟು ತೆರಿಗೆ ಅಂತ ದೇಶವಾರು ವರದಿ ಕೊಡಬೇಕು. ನಮ್ಮಲ್ಲಿ 6,400 ಕೋಟಿ ರೂಪಾಯಿಗಿಂತ ಮೇಲಿನವರಿಗೆ ಇದು ಕಡ್ಡಾಯ. ಆದರೆ ಅದು ನಿಮ್ಮ ಇಲಾಖೆಯ ಕಪಾಟಿನಲ್ಲಿರುತ್ತದೆ. ಯುರೋಪಿನಲ್ಲಿ 2024ರ ಜೂನ್ 22ರ ನಂತರ ಶುರುವಾದ ಲೆಕ್ಕ ವರ್ಷಗಳಿಂದ ಇಂಥ ವರದಿ ಸಾರ್ವಜನಿಕ. ನಮ್ಮಲ್ಲೂ ಬಾಗಿಲು ತೆರೆಯಿರಿ. ಡಬ್ಲಿನ್‌ನಲ್ಲಿ ಎಷ್ಟು ಜನ ಕೂತು ನಮ್ಮ ರಿಂಗ್ ಖರೀದಿ ಮಾಡುತ್ತಾರೆ ಅಂತ ನನಗೂ ನೋಡುವ ಆಸೆ.

ಪ್ರತಿ ವರ್ಷ ಬಜೆಟ್‌ಗೆ ಮುಂಚೆ ನೀವು ಉದ್ಯಮದವರನ್ನು ಕರೆಸಿ ಮಾತಾಡುತ್ತೀರಿ. ಮುಂದಿನ ಸಲ ಆ ಮೇಜಿನ ಸುತ್ತ ಒಬ್ಬ ಫರ್ಮ್‌ನವನಿಗೂ ಕುರ್ಚಿ ಇಡಿಸಿ. ಟಿಕೆಟ್ ಖರ್ಚು ನಮ್ಮದೇ. ಹುಬ್ಬಳ್ಳಿಯಿಂದ ದೆಹಲಿಯ ನಿಜಾಮುದ್ದೀನ್‌ಗೆ ರೈಲಿದೆ, ಹತ್ತಲು 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮೂ ಇದೆ. ಬರುವಾಗ ಒಂದು ಸೀಟ್ ರಿಂಗ್, ಅರ್ಧ ಕಿಲೋ ಡಬ್ಬಿ ಮೆಣಸಿನಕಾಯಿ ತರುತ್ತೇನೆ.

ಇಂತಿ,
ತಾರಿಹಾಳದ ಒಬ್ಬ ಪಾಲುದಾರ